‘ಮೊಟೆಟ್ ಕಾರ್ಯಕ್ರಮ’ ಅಂತ ಬರೆದಿದ್ದರೆ ಹುಷಾರು! ಹಾಡುವ ತಂಡ ಕಟ್ಟಿಕೊಂಡು ಯುರೋಪಿಗೆ ಹೊರಟವರಿಗೆ

ವಿಶ್ವವಿದ್ಯಾಲಯದ ವೃಂದಗಾನ ತಂಡ ಕರ್ಕೊಂಡು ಯುರೋಪಿಗೆ ಹೋಗೋಣ ಅಂತಿರೋರು ದಯವಿಟ್ಟು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ನಾವಂತೂ ಕೊಟ್ಟಾಯ್ತು. 28 ಮಕ್ಕಳು, 2 ಮೇಷ್ಟ್ರು, ಒಂಬತ್ತು ದಿನ, ತಲೆಗೆ 2,15,000 ರೂಪಾಯಿ. ತೀರ್ಥಹಳ್ಳಿ, ಹೊಸನಗರ ಕಡೆಯ ಮಕ್ಕಳೇ ಹೆಚ್ಚು. ಅಪ್ಪಂದಿರು ರಾಶಿ ಅಡಿಕೆ ಮಾರಿ ಕೊಟ್ಟ ದುಡ್ಡು ಅದು. ಹೊಟ್ಟೆ ಉರಿಯೋದು ಅದಕ್ಕೇ.

ಏಜೆಂಟ್ ಕೊಟ್ಟ ಐಟಿನರಿಯಲ್ಲಿ ಮೂರು ‘ಕಾರ್ಯಕ್ರಮ’ ಇದ್ದವು: ಜರ್ಮನಿಯ ಲೈಪ್‌ಜಿಗ್‌ನ ಥಾಮಸ್ ಚರ್ಚಿನಲ್ಲಿ ‘ಮೊಟೆಟ್’, ಜೆಕ್ ದೇಶದ ಟೆರೆಜಿನ್ ಸ್ಮಾರಕ, ವಿಯೆನ್ನಾದಲ್ಲೊಂದು ಸಭಾಂಗಣ. ಕಾರ್ಯಕ್ರಮ ಅಂದರೆ ನಾವು ಹಾಡೋದು ಅಂದ್ಕೊಂಡ್ವಿ. ಹಾಡುವ ತಂಡಕ್ಕೆ ಕಾರ್ಯಕ್ರಮ ಅಂದರೆ ಇನ್ನೆಂತ ಮಾರಾಯ್ರೆ?

ಥಾಮಸ್ ಚರ್ಚು ಅಂದರೆ 1723ರಿಂದ 1750ರಲ್ಲಿ ಸಾಯೋತನಕ ದೊಡ್ಡ ಸಂಗೀತ ರಚನಕಾರ ಬಾಖ್ ಕೆಲಸ ಮಾಡಿದ ಜಾಗ. ಅವರ ಸಮಾಧಿಯೂ ಈಗ ಅಲ್ಲೇ, ಚರ್ಚಿನೊಳಗೆ. ಅಲ್ಲಿ ಹಾಡ್ತೀವಿ ಅಂತ ಮೂರು ತಿಂಗಳು ಪ್ರಾಕ್ಟೀಸು. ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಫ್ಲೆಕ್ಸ್ ಬೇರೆ. ಶುಕ್ರವಾರ ಸಂಜೆ ಐದೂವರೆಗೆಲ್ಲ ಹೆಣ್ಮಕ್ಕಳು ರೇಷ್ಮೆ ಸೀರೆ, ಹುಡುಗರು ಪಂಚೆ ಜುಬ್ಬ, ಚರ್ಚಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದೆವು. ಶ್ರುತಿಪೆಟ್ಟಿಗೆ ಆಗಲೇ ಗುಂಯ್ ಅಂತಿತ್ತು. ಬಾಗಿಲಲ್ಲಿದ್ದ ಹೆಂಗಸು ಅದನ್ನೇ ಒಂದು ಗಳಿಗೆ ನೋಡಿ, ತುಟಿ ಮೇಲೆ ಬೆರಳಿಟ್ಟರು. ನಮ್ಮ ಕೈಗೆ ಒಂದಿಷ್ಟು ಹಾಳೆ ಕೊಟ್ಟು ಬೆಂಚು ತೋರಿಸಿದರು. ಹಾಳೆಯಲ್ಲಿ ಹಾಡಿನ ಪಟ್ಟಿ. ಅದರಲ್ಲಿ ನಮ್ಮದು ಒಂದೂ ಇಲ್ಲ. ಇನ್ನೂ ಅರ್ಥವಾಗದೆ ಕೂತಿದ್ದೆವು, ಬೆನ್ನ ಹಿಂದೆ ಮೇಲಿನ ಗ್ಯಾಲರಿಯಿಂದ ಅವರ ಹುಡುಗರ ಹಾಡು ಶುರುವಾಯ್ತು. 1212ರಿಂದ ನಡೆದುಬಂದಿರುವ ತಂಡ ಅದು. ಎಂಥಾ ಹಾಡು! ಆದರೆ ತಲೆ ಎತ್ತಿ ಕೇಳೋಕೂ ನಾಚಿಕೆ.

ಮೊಟೆಟ್ ಅಂದರೆ ಅಲ್ಲಿ ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ ನಡೆಯುವ ಹಾಡಿನ ಪ್ರಾರ್ಥನೆ. ಕೆಲವೇ ಯೂರೋ ಕೊಟ್ಟು ಯಾರು ಬೇಕಾದರೂ ಹೋಗಿ ಕೂರಬಹುದು. ಅದಕ್ಕೆ ನಮ್ಮಿಂದ ತಲೆಗೆ 9,500 ರೂಪಾಯಿ ‘ಕಾರ್ಯಕ್ರಮ ಶುಲ್ಕ’!

ಹೊರಗೆ ಬಂದವರೇ ಏಜೆಂಟ್‌ಗೆ ಫೋನ್ ಮಾಡಿದ್ವಿ. ಊರಲ್ಲಿ ಆಗ ರಾತ್ರಿ ಹತ್ತೂವರೆ ದಾಟಿತ್ತು.

“ಸಾರ್, ಮೊಟೆಟ್ ಕಾರ್ಯಕ್ರಮ ಅಂತ ಇದೆ. ನೀವು ಹಾಡ್ತೀರಿ ಅಂತ ಎಲ್ಲಿದೆ ತೋರಿಸಿ.”

“ಮತ್ತೆ ಸೀರೆ, ಪಂಚೆ ಉಟ್ಕೊಂಡು ಹೋಗಿ ಅಂದಿದ್ದು ಯಾಕ್ರೀ?”

“ಫೋಟೋ ಚೆನ್ನಾಗಿ ಬರುತ್ತೆ ಅಂತ ಸಾರ್.”

ಫೋಟೋ ಚೆನ್ನಾಗಿ ಬರುತ್ತೆ ಅಂತೆ.

ಟೆರೆಜಿನ್‌ದು ಇನ್ನೂ ಹೊಟ್ಟೆ ಉರಿ. ಪ್ರಾಗ್‌ನಿಂದ ಉತ್ತರಕ್ಕೆ 60 ಕಿ.ಮೀ., ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೋಟೆ ಊರು. ಸುಮಾರು 33,000 ಜನ ಅಲ್ಲೇ ಸತ್ತರು. ಅಲ್ಲಿ ಬಂದಿಯಾಗಿದ್ದ ರಫಾಯೆಲ್ ಶೆಖ್ಟರ್ 1943–44ರಲ್ಲಿ ಬಂದಿಗಳಿಂದಲೇ ಇಟಲಿಯ ವೆರ್ದಿ ಬರೆದ ರೆಕ್ವಿಯಂ (ಸತ್ತವರಿಗಾಗಿ ಹಾಡುವ ಪ್ರಾರ್ಥನೆ) ಹಾಡಿಸಿದರು. ಇದ್ದದ್ದು ಒಂದೇ ಸ್ವರಪುಸ್ತಕ, ಹಾಡುವವರದ್ದೆಲ್ಲ ಬಾಯಿಪಾಠ. ಹಾಡುಗಾರರನ್ನು ಆಶ್‌ವಿಟ್ಸ್‌ನ ಸಾವಿನ ಶಿಬಿರಕ್ಕೆ ಸಾಗಿಸಿದ ಹಾಗೆಲ್ಲ ಹೊಸಬರನ್ನು ಸೇರಿಸಿ ಮತ್ತೆ ಮೊದಲಿಂದ ಕಲಿಸಬೇಕಿತ್ತು. ನಮ್ಮ ಮಕ್ಕಳೂ ನೊಟೇಷನ್ ನೋಡಿ ಹಾಡೋರಲ್ಲ, ಕಿವಿಯಲ್ಲೇ ಹಿಡಿಯೋರು. ಈ ಜಾಗ ಬೇಕೇ ಬೇಕು ಅಂತ ಪಟ್ಟು ಹಿಡಿದು ಸೇರಿಸಿದ್ದು ನಾವೇ.

ಸಿಕ್ಕಿದ್ದು 25 ನಿಮಿಷ. ಯಾಕೆ ಅಂದರೆ ಲೈಪ್‌ಜಿಗ್‌ನಿಂದ ಟೆರೆಜಿನ್, ಪ್ರಾಗ್ ದಾಟಿ ವಿಯೆನ್ನಾಕ್ಕೆ ಒಂದೇ ದಿನ ಹಾಕಿದ್ದ ಪುಣ್ಯಾತ್ಮ. 600 ಕಿ.ಮೀ. ಹತ್ತಿರ. ಅಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕಡ್ಡಾಯ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಿತಿ. ಎಲ್ಲ ಬಸ್ಸಿನ ಟ್ಯಾಕೋಗ್ರಾಫ್‌ನಲ್ಲಿ ದಾಖಲಾಗುತ್ತೆ, ನಮ್ಮೂರಿನ ಹಾಗೆ “ಇನ್ನರ್ಧ ಗಂಟೆ ಬಿಡಿ ಅಣ್ಣ” ನಡೆಯಲ್ಲ. ಬೆಳಿಗ್ಗೆ ಒಂದೂವರೆ ಗಂಟೆ ತಡ ಆಗಿದ್ದಕ್ಕೆ ಟೆರೆಜಿನ್‌ಗೇ ಕತ್ತರಿ ಬಿತ್ತು. ಟಿಕೆಟ್ ಕೌಂಟರಿನಲ್ಲಿ ಕೇಳಿದರೆ ರಿಜಿಸ್ಟರ್ ನಮ್ಮ ಕಡೆಗೇ ತಿರುಗಿಸಿದರು. ನಮ್ಮ ಹೆಸರೇ ಇಲ್ಲ. ಗೈಡ್ ಇಲ್ಲ, ಹಾಡೋಕೆ ಅನುಮತಿಯೂ ಇಲ್ಲ. ಏಜೆಂಟ್‌ನ ಕೇಳಿದರೆ:

“ಅಲ್ಲಿನ ಪಾರ್ಟ್ನರ್ ಮರೆತಿರಬೇಕು ಸಾರ್. ಬಸ್ ಹತ್ರಾನೇ ನಿಂತು ಹಾಡಿಬಿಡಿ, ಯಾರು ಕೇಳ್ತಾರೆ?”

ಹಾಡಲಿಲ್ಲ.

ವಿಯೆನ್ನಾದ ಸಭಾಂಗಣ ನಾವು ಉಳಿದ ಹೋಟೆಲಿನ ಊಟದ ಹಾಲ್. ಡ್ರೈವರನ್ನೂ ಸೇರಿಸಿ ಕೇಳುಗರು 11 ಜನ. ಅದರ ಮಾತು ಬೇಡ.

ಏಜೆಂಟ್ ವೀಸಾದಲ್ಲೂ ಕಿತಾಪತಿ ಮಾಡಿದ್ದ, ವಾಪಸ್ ಬಂದಮೇಲೆ ಗೊತ್ತಾಗಿದ್ದು. ಯುರೋಪಿನ ಹಲವು ದೇಶಕ್ಕೆ ಒಂದೇ ಆಗಿರುವ ಶೆಂಗೆನ್ ವೀಸಾಕ್ಕೆ ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು. ನಮ್ಮದು ವಿಯೆನ್ನಾ ಇರುವ ಆಸ್ಟ್ರಿಯಾ. ಜರ್ಮನಿಯ ಸ್ಲಾಟ್ ಬೇಗ ಸಿಕ್ತು ಅಂತ ಸುಳ್ಳು ಹೋಟೆಲ್ ಬುಕಿಂಗ್ ಲಗತ್ತಿಸಿ ಅಲ್ಲಿಗೆ ಹಾಕಿದ್ದ. ಸಿಕ್ಕಿಬಿದ್ದಿದ್ದರೆ ಮೂವತ್ತು ಪಾಸ್‌ಪೋರ್ಟಿನ ಕಥೆ ಏನಾಗ್ತಿತ್ತೋ.

ಚರ್ಚಿನವರು, ಸ್ಮಾರಕದವರು ಕೊಟ್ಟ ಪತ್ರ ಅಂತ ಪಿಡಿಎಫ್ ತೋರಿಸಿದರೆ ನಂಬಬೇಡಿ. ಅವರ ಅಧಿಕೃತ ವಿಳಾಸಕ್ಕೆ ನೀವೇ ಮೇಲ್ ಹಾಕಿ: ನಮ್ಮ ತಂಡ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ನಿಮಿಷ ಹಾಡುತ್ತೆ ಅಂತ. ನಮಗೆ ತೋರಿಸಿದ ಪತ್ರ ಜಿಮೇಲ್‌ನಿಂದ ಬಂದಿತ್ತು, ಯಾರೂ ನೋಡಲಿಲ್ಲ. ಬಸ್ಸಿನ ಕಿಲೋಮೀಟರ್ ದಿನದ ಲೆಕ್ಕದಲ್ಲಿ ಕೇಳಿ. ಟಿಸಿಎಸ್ (ವಿದೇಶ ಪ್ರವಾಸದ ಪ್ಯಾಕೇಜಿಗೆ ಏಜೆಂಟ್ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಅಂತ ಹಿಡಿದ ದುಡ್ಡು ಪಾವತಿಸಿದವರ ಪ್ಯಾನ್‌ನ ತೆರಿಗೆ ದಾಖಲೆಯಲ್ಲಿ ಕಾಣಬೇಕು. ನಮ್ಮಲ್ಲಿ ಆರು ಜನರದ್ದು ಇನ್ನೂ ಕಂಡಿಲ್ಲ.

ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸ್ತಾ ಇದ್ದೀವಿ. ಎರಡು ವರ್ಷದೊಳಗೆ ಹಾಕಬಹುದು, ಅವನ ಆಫೀಸು ಬೆಂಗಳೂರಲ್ಲಿದ್ದರೂ ನಮ್ಮೂರಲ್ಲೇ ಹಾಕಬಹುದು. ಇದನ್ನು ತಿಳಿಸಿದ್ದಕ್ಕೆ ನಿನ್ನೆ ಉತ್ತರ ಬಂತು: “ಹಾಕಿ ಸಾರ್, ತೊಂದರೆ ಇಲ್ಲ. ಡಿಸೆಂಬರ್‌ನಲ್ಲಿ ಸಾಲ್ಜ್‌ಬರ್ಗ್ ಬ್ಯಾಚ್ ಇದೆ, ನಿಮ್ಮ ಕಡೆ ಯಾರಾದರೂ ಇದ್ದರೆ ಹೇಳಿ.”