ಬಿಚ್ಚಲು ಧೈರ್ಯ ಬರುವ ಟ್ಯಾಬ್: ಮನೆಯಲ್ಲಿ ಕಟ್ಟುವ ವಿಮಾನಕ್ಕೆ ಮೂರು ಡಿಸ್‌ಪ್ಲೇಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು 8,000 ರೂಪಾಯಿಯ ಸಾದಾ ಆಂಡ್ರಾಯ್ಡ್ ಟ್ಯಾಬ್. ಅದರ ಜೊತೆಗೆ ನಾವೇ ಬೆಸುಗೆ ಹಾಕಿ ಮಾಡಿಕೊಂಡ ಒಂದು ಚಿಕ್ಕ ಸೆನ್ಸರ್ ಡಬ್ಬಿ. ಇಲ್ಲಿಗೆ ಬಂದು ಮುಟ್ಟುವ ಮೊದಲು ಒಂದು ಕಡೆ 11,500, ಇನ್ನೊಂದು ಕಡೆ 13,000 ರೂಪಾಯಿ ಹೋಯಿತು. ನಿಮ್ಮ ದುಡ್ಡಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಮೂವರು ಗೆಳೆಯರು. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಬಾಡಿಗೆ ಶೆಡ್ಡು ಹಿಡಿದು ಎರಡು ಸೀಟಿನ ಹಗುರ ವಿಮಾನ ಕಟ್ಟುತ್ತಿದ್ದೇವೆ. ಮುಂಬೈಯ ಕ್ಯಾಪ್ಟನ್ ಅಮೋಲ್ ಯಾದವ್ ಮನೆಯ ಟೆರೇಸ್ ಮೇಲೆ ವಿಮಾನ ಕಟ್ಟಿದ ಸುದ್ದಿ ಓದಿದ ದಿನದಿಂದ ಹತ್ತಿದ ಹುಚ್ಚು ಇದು. ನಮ್ಮೂರಲ್ಲಿ ಲೇತು, ಫೌಂಡ್ರಿ, ಸಿಎನ್‌ಸಿ ಯಾವುದಕ್ಕೂ ಕೊರತೆ ಇಲ್ಲ. ಬೆಳಿಗ್ಗೆ ಡ್ರಾಯಿಂಗ್ ಕೊಟ್ಟರೆ ಸಂಜೆಗೆ ಬ್ರಾಕೆಟ್ ಕೈಗೆ ಬರುತ್ತದೆ. ಪೇಚಾಟ ಶುರುವಾಗಿದ್ದು ಪೈಲಟ್ ಎದುರು ಮೀಟರುಗಳು ಕೂರುವ ಪ್ಯಾನೆಲ್‌ನಲ್ಲಿ. ಗಾರ್ಮಿನ್, ಡೈನಾನ್, ಎಂಜಿಎಲ್ ಕಂಪನಿಗಳ ಸಿದ್ಧ ಡಿಸ್‌ಪ್ಲೇಗಳು ತುಂಬಾ ಒಳ್ಳೆಯವು, ಆದರೆ ಕಸ್ಟಮ್ಸ್ ಸೇರಿಸಿದರೆ ಲಕ್ಷದ ಮಾತು. ಅದು ನಮ್ಮ ಕೈಗೆ ಎಟುಕಲ್ಲ.

ಎರಡು ವಿಷಯ ಸ್ಪಷ್ಟ ಇರಲಿ. ವಿಮಾನ ಇನ್ನೂ ಹಾರಿಲ್ಲ, ವಿಮಾನಗಳಿಗೆ ಅನುಮತಿ ಕೊಡುವ ಕೇಂದ್ರ ಸಂಸ್ಥೆ ಡಿಜಿಸಿಎಯ ಕಾಗದಪತ್ರದ ಕೆಲಸ ನಡೆದಿದೆ. ಹಾಗಾಗಿ ಇಲ್ಲಿರುವ ಪರೀಕ್ಷೆಗಳೆಲ್ಲ ನೆಲದ ಮೇಲೆ, ಹೆಚ್ಚಾಗಿ ಹುಡ್ ತೆಗೆದ ಜೀಪಿನಲ್ಲಿ ಮತ್ತು ಎಂಜಿನ್ ಸ್ಟ್ಯಾಂಡಿನಲ್ಲಿ ಮಾಡಿದ್ದು. ಇನ್ನೊಂದು, ಮುಳ್ಳಿನ ಏರ್‌ಸ್ಪೀಡ್ ಮೀಟರು, ಆಲ್ಟಿಮೀಟರು, ದಿಕ್ಸೂಚಿ, ವಿಮಾನ ಅಡ್ಡ ಜಾರುವುದನ್ನು ತೋರಿಸುವ ಸ್ಲಿಪ್ ಬಾಲ್ ನಾಲ್ಕೂ ಪ್ಯಾನೆಲ್‌ನಲ್ಲಿ ಹಾಗೇ ಇರುತ್ತವೆ. ಟ್ಯಾಬ್ ಅವುಗಳ ಪಕ್ಕದಲ್ಲಿ ಕೂರುವ ಸಹಾಯಕ, ಅಷ್ಟೇ. ಈ ನಾಲ್ಕನ್ನು ತೆಗೆದು ಟ್ಯಾಬ್ ಒಂದನ್ನೇ ನಂಬುವ ಯೋಚನೆ ಇದ್ದರೆ ದಯವಿಟ್ಟು ಬೇಡ.

ಮೊದಲು ಕೊಂಡಿದ್ದು ದೊಡ್ಡ ಹೆಸರಿನ ಕಂಪನಿಯ ಸೆಕೆಂಡ್ ಹ್ಯಾಂಡ್ ಟ್ಯಾಬ್, 11,500 ರೂಪಾಯಿ. ಪರದೆ ಕನ್ನಡಿಯಂತೆ, ಬೆಳಕು ಧಾರಾಳ. ಶೆಡ್ಡಿನಲ್ಲಿ ಆನ್ ಮಾಡಿದಾಗ ಮೂವರೂ ಸುತ್ತ ನಿಂತು ನೋಡಿದೆವು. ಮ್ಯಾಪ್ ತೆರೆದರೆ ನಮ್ಮ ಚುಕ್ಕಿ ಸರಿಯಾಗಿ ಉದ್ಯಮಬಾಗದ ಮೇಲೇ ಇತ್ತು. ಊರ ಹೊರಗೆ ಹೋದ ಮೇಲೆ ಚುಕ್ಕಿ ಅಲ್ಲಾಡಲಿಲ್ಲ. ಅದು ವೈಫೈ ಮಾತ್ರ ಇರುವ ಮಾಡೆಲ್, ಅದರಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ. ಶೆಡ್ಡಿನಲ್ಲಿ ತೋರಿಸಿದ್ದು ಸುತ್ತಲಿನ ವೈಫೈಗಳಿಂದ ಲೆಕ್ಕ ಹಾಕಿದ ಜಾಗ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಿಮ್ ಹಾಕುವ ಮಾಡೆಲ್ಲೇ ಕೇಳಿ. ಕೊಳ್ಳುವಾಗ ಬಯಲಿನಲ್ಲಿ ನಿಂತು ಉಪಗ್ರಹ ಎಣಿಸುವ ಆಪ್ ಹಾಕಿ ನೋಡಿ.

ಎರಡನೆಯದು ಅಂಗೈಯಗಲದ ಸಿಂಗಲ್ ಬೋರ್ಡ್ ಕಂಪ್ಯೂಟರ್, ಅದಕ್ಕೆ 7 ಇಂಚಿನ ಟಚ್ ಸ್ಕ್ರೀನ್. ಎಲ್ಲ ಸೇರಿ 13,000. ಕಲಿಯಲು ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ, ನಿಜ. ಆದರೆ 800×480 ಪರದೆ ಬಿಸಿಲಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬ್ಯಾಟರಿ ಒಳಗೆ ಇಲ್ಲದ ಕಾರಣ ಮಾಸ್ಟರ್ ಸ್ವಿಚ್ ಆಫ್ ಮಾಡಿದ ಕ್ಷಣವೇ ಸತ್ತು ಹೋಗುತ್ತದೆ. ಹೀಗೆ ಏಕಾಏಕಿ ಕರೆಂಟ್ ತೆಗೆದರೆ ಮೆಮೊರಿ ಕಾರ್ಡ್ ಕೆಡುವ ಭಯ ಇರುತ್ತದೆ. ನಮ್ಮದು ಆರನೇ ಸಲಕ್ಕೆ ಕೆಟ್ಟಿತು. ಕಾರ್ಡನ್ನು ಓದಲು ಮಾತ್ರ ಬರುವಂತೆ ಲಾಕ್ ಮಾಡಿದರೆ ತೊಂದರೆ ತಪ್ಪುತ್ತದೆ, ನಾವೂ ಮಾಡಿದೆವು. ಆದರೂ ಆನ್ ಮಾಡಿದಾಗಲೆಲ್ಲ ಅರ್ಧ ನಿಮಿಷ ಕಾಯುವುದು ನನಗೆ ಒಗ್ಗಲಿಲ್ಲ. ಎಂಜಿನ್ ಓಡುತ್ತಿರುವಾಗ ಒಂದು ಸಲ ವೋಲ್ಟೇಜ್ ಇಳಿದರೆ ಮತ್ತೆ ಅರ್ಧ ನಿಮಿಷ ಕತ್ತಲೆ, ಅಲ್ವಾ?

ಇನ್ನು ಬಿಸಿಲಿನ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಿಸಿ ತಡೆಯುತ್ತದೋ ಇಲ್ಲವೋ ನೋಡಲು ಬೆಳಗಾವಿ ಸರಿಯಾದ ಊರಲ್ಲ. ನಮ್ಮ ಹವೆ ತಂಪು. ಇಲ್ಲಿ ಮೂರೂ ಡಿಸ್‌ಪ್ಲೇ ಗಂಟೆಗಟ್ಟಲೆ ಓಡಿದವು, ನಾವೂ ಖುಷಿಯಾಗಿದ್ದೆವು. ಏಪ್ರಿಲ್‌ನಲ್ಲಿ ಗೆಳೆಯನ ಅಕ್ಕನ ಮನೆಗೆ ವಿಜಯಪುರಕ್ಕೆ ಹೋಗುವಾಗ ಮೂರನ್ನೂ ಜೀಪಿನ ಡ್ಯಾಶ್‌ಬೋರ್ಡಿಗೆ ಬಿಗಿದುಕೊಂಡು ಹೋದೆವು. ಮಧ್ಯಾಹ್ನ ಒಂದು ಗಂಟೆ, ನೆರಳಲ್ಲೇ 41 ಡಿಗ್ರಿ. ಸಿಂದಗಿ ರಸ್ತೆಯಲ್ಲಿ ಹೊರಟ 14ನೇ ನಿಮಿಷಕ್ಕೆ ದೊಡ್ಡ ಹೆಸರಿನ ಟ್ಯಾಬ್ ಕಪ್ಪಾಯಿತು. ಪರದೆ ಮೇಲೆ ಥರ್ಮಾಮೀಟರಿನ ಚಿತ್ರ ಒಂದೇ. ಗುಂಡಿ ಒತ್ತಿದರೂ ಇಲ್ಲ, ಅಲ್ಲಾಡಿಸಿದರೂ ಇಲ್ಲ. ಅದರ ಕೈಪಿಡಿ ತೆಗೆದು ನೋಡಿದರೆ 35 ಡಿಗ್ರಿ ಒಳಗೆ ಬಳಸಿ ಅಂತ ಇದೆ. ವಿಜಯಪುರದ ಕಡೆ ಬೇಸಿಗೆಯಲ್ಲಿ ಅದು ಬೆಳಿಗ್ಗೆ ಹತ್ತರ ಲೆಕ್ಕ.

ಅಗ್ಗದ ಟ್ಯಾಬ್ ಆಫ್ ಆಗಲಿಲ್ಲ. 22ನೇ ನಿಮಿಷಕ್ಕೆ ತಾನೇ ಬೆಳಕು ಅರ್ಧಕ್ಕೆ ಇಳಿಸಿಕೊಂಡಿತು. ಆ ಬಿಸಿಲಲ್ಲಿ ಅರ್ಧ ಬೆಳಕು ಅಂದರೆ ಏನೂ ಕಾಣಲ್ಲ. ಹಿಂಬದಿಗೆ ಬಿಸಿ ಅಳೆಯುವ ತಂತಿ, ಥರ್ಮೋಕಪಲ್, ಅಂಟಿಸಿದ್ದೆ, 58 ಡಿಗ್ರಿ ತೋರಿಸುತ್ತಿತ್ತು.

ವಾಪಸ್ ಬಂದು ಯೋಚಿಸಿದಾಗ ಗೊತ್ತಾಗಿದ್ದು ಇಷ್ಟು. ಬಿಸಿಲು ಒಂದೇ ಕಾರಣ ಅಲ್ಲ. ಪೂರ್ತಿ ಬೆಳಕಿಟ್ಟರೆ ಪರದೆ ಕಾಯುತ್ತದೆ, ಪ್ರೊಸೆಸರ್ ಕಾಯುತ್ತದೆ, ಚಾರ್ಜ್ ಆಗುತ್ತಿದ್ದರೆ ಬ್ಯಾಟರಿಯೂ ಕಾಯುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬೆನ್ನು ಕಂಬಳಿ ಹೊದಿಸಿದ ಹಾಗೆ. ಮೂರು ಕಡೆಯ ಬಿಸಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಆ ದಾರಿ ಮಾಡಬೇಕಾದರೆ ಟ್ಯಾಬ್ ಬಿಚ್ಚಬೇಕು. ದೊಡ್ಡ ಹೆಸರಿನದನ್ನು ಬಿಚ್ಚುವ ಹಾಗಿಲ್ಲ, ಗಾಜನ್ನೇ ಕಾಯಿಸಿ ಎಬ್ಬಿಸಬೇಕು. 8,000 ರೂಪಾಯಿಯದಕ್ಕೆ ಹಳೆಯ ಎಟಿಎಂ ಕಾರ್ಡ್ ಸಾಕಾಯಿತು. ಅಂಚಿನಲ್ಲಿ ತೂರಿಸಿ ಸುತ್ತ ಎಳೆದರೆ ಟಕ್ ಟಕ್ ಅಂತ ಬಿಟ್ಟುಕೊಂಡಿತು. ಒಳಗೆ ಅರ್ಧ ಜಾಗ ಬ್ಯಾಟರಿ, ಪಕ್ಕದಲ್ಲಿ ಬೆಂಕಿಪೆಟ್ಟಿಗೆಯ ಮೂರರಷ್ಟು ಬೋರ್ಡು, ಪ್ರೊಸೆಸರ್ ಮೇಲೆ ತೆಳು ತಗಡಿನ ಮುಚ್ಚಳ.

ಪ್ಲಾಸ್ಟಿಕ್ ಬೆನ್ನಿನ ಬದಲು 1.5 ಮಿಲಿಮೀಟರ್ ಅಲ್ಯೂಮಿನಿಯಂ ಶೀಟ್ ಕತ್ತರಿಸಿ ಹಾಕಿದೆ. ತಗಡಿನ ಮುಚ್ಚಳಕ್ಕೂ ಶೀಟಿಗೂ ನಡುವೆ ಬಿಸಿ ದಾಟಿಸುವ ಥರ್ಮಲ್ ಪ್ಯಾಡ್. ಬ್ಯಾಟರಿಯ ಮೇಲೆ ಮಾತ್ರ 2 ಮಿಲಿಮೀಟರ್ ಖಾಲಿ ಬಿಟ್ಟೆ, ಲಿಥಿಯಂ ಸೆಲ್ ಉಬ್ಬಿದರೆ ಅದಕ್ಕೆ ಜಾಗ ಬೇಕು, ಒತ್ತಿ ಕೂರಿಸಬಾರದು. ಹಿಂದೆ 40 ಮಿಲಿಮೀಟರಿನ 5 ವೋಲ್ಟ್ ಫ್ಯಾನ್. ಕೆಲಸ ನೋಡಲು ಅಂದವಾಗಿತ್ತು. ಆನ್ ಮಾಡಿದೆ. ಮೊದಲು 16 ಉಪಗ್ರಹ ಹಿಡಿಯುತ್ತಿದ್ದ ಟ್ಯಾಬ್ ಈಗ 5 ಹಿಡಿಯಿತು. ಬ್ಲೂಟೂತ್ ಒಂದು ಮೊಳ ದೂರಕ್ಕೇ ಕಡಿದುಹೋಗುತ್ತಿತ್ತು.

ಎರಡು ದಿನ ತಲೆ ಕೆಡಿಸಿಕೊಂಡೆ. ಕನೆಕ್ಟರ್ ಸಡಿಲವೇನೋ ಅಂತ ನಾಲ್ಕು ಸಲ ಬಿಚ್ಚಿ ಹಾಕಿದೆ. ಕೊನೆಗೆ ತೆಗೆದಿಟ್ಟಿದ್ದ ಪ್ಲಾಸ್ಟಿಕ್ ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಮೇಲಿನ ಅಂಚಿನ ಒಳಗೆ ತಾಮ್ರ ಬಣ್ಣದ ತೆಳು ಪಟ್ಟಿಗಳು ಕಂಡವು. ಅವೇ ಆಂಟೆನಾಗಳು. ನಾನು ಬೆನ್ನಿನ ಜೊತೆ ಆಂಟೆನಾವನ್ನೂ ಕಿತ್ತು, ಆ ಜಾಗಕ್ಕೆ ಲೋಹದ ಗೋಡೆ ಕಟ್ಟಿದ್ದೆ. ಬೋರ್ಡಿನ ಮೇಲಿನ ಸ್ಪ್ರಿಂಗ್ ತುದಿಗಳು ಆ ಪಟ್ಟಿಗೆ ತಾಗಬೇಕಿತ್ತು, ಶೀಟಿಗೆ ತಾಗಿ ನಿಂತಿದ್ದವು. ಹ್ಯಾಕ್ಸಾ ಬ್ಲೇಡಿನಿಂದ ಹಳೆಯ ಬೆನ್ನಿನ ಮೇಲಿನ 35 ಮಿಲಿಮೀಟರ್ ಪಟ್ಟಿ ಕೊಯ್ದು ಅದರ ಜಾಗಕ್ಕೆ ಮತ್ತೆ ಕೂರಿಸಿದೆ. ಅದರ ಕೆಳಗೆ ಮಾತ್ರ ಅಲ್ಯೂಮಿನಿಯಂ. 13 ಉಪಗ್ರಹ ವಾಪಸ್ ಬಂದವು.

ಮೇ ತಿಂಗಳಲ್ಲಿ ಬಾಗಲಕೋಟೆಯ ಬಿಸಿಲಲ್ಲಿ ಮತ್ತೆ ನೋಡಿದೆವು. ಒಂದು ಗಂಟೆ ಹತ್ತು ನಿಮಿಷ, ಪೂರ್ತಿ ಬೆಳಕು. ಹಿಂಬದಿ 46 ಡಿಗ್ರಿ ದಾಟಲಿಲ್ಲ, ಪರದೆ ಮಂಕಾಗಲಿಲ್ಲ. ಚಾರ್ಜಿಂಗ್ ತಂತಿಗೆ ಒಂದು ಸ್ವಿಚ್ ಇಟ್ಟಿದ್ದೇನೆ, ಬೇಕಾದಾಗ ಮಾತ್ರ ಚಾರ್ಜ್ ಆಗಲಿ ಅಂತ. ಇದೂ ಜಾಸ್ತಿ ಫರಕು ಮಾಡಿತು.

ಬಿಸಿಲಿಗೆ ಪರದೆ ಕಾಣುವ ವಿಷಯದಲ್ಲಿ ಮಾತ್ರ ದೊಡ್ಡ ಹೆಸರಿನದೇ ಮುಂದೆ. ಅಗ್ಗದ್ದಕ್ಕೆ ಮ್ಯಾಟ್ ಫಿಲ್ಮ್ ಮತ್ತು ಮೇಲೆ ನೆರಳಿಗೆ ಒಂದು ಚಿಕ್ಕ ಮಾಡು ಬೇಕೇ ಬೇಕು. ಪೋಲರೈಸ್ಡ್ ತಂಪು ಕನ್ನಡಕ ಹಾಕುವವರು ಅಂಗಡಿಯಲ್ಲೇ ಹಾಕಿಕೊಂಡು ಟ್ಯಾಬನ್ನು ಅಡ್ಡ, ಉದ್ದ ಎರಡೂ ಹಿಡಿದು ನೋಡಿ. ನಮ್ಮದು ಅಡ್ಡ ಹಿಡಿದರೆ ಪೂರ್ತಿ ಕಪ್ಪು.

ಈಗ ಡಬ್ಬಿ. ಒಳಗೆ ಸೆನ್ಸರುಗಳನ್ನು ಓದುವ ಒಂದು ಇಎಸ್‌ಪಿ32 ಬೋರ್ಡು, ಗಾಳಿಯ ಒತ್ತಡ ಅಳೆದು ಎತ್ತರ ತಿಳಿಯಲು ಬಿಎಂಪಿ280, ಜಿಪಿಎಸ್‌ಗೆ ನಿಯೋ ಎಂ8ಎನ್. ಇವು ಬ್ಲೂಟೂತ್ ಮೂಲಕ ಟ್ಯಾಬಿನ ಎಕ್ಸ್‌ಸಿಸೋರ್ ಆಪಿಗೆ ಮಾಹಿತಿ ಕಳಿಸುತ್ತವೆ. ಅದು ಗ್ಲೈಡರ್ ಹಾರಿಸುವವರು ಬಳಸುವ ಉಚಿತ ಆಪ್. ಬೋರ್ಡು ಕೊಳ್ಳುವಾಗ ಹಳೆಯ ಸಾದಾ ಇಎಸ್‌ಪಿ32 ಯೇ ಕೇಳಿ. ಎಸ್3, ಸಿ3 ಅಂತ ಬರುವ ಹೊಸವು ಚೆನ್ನಾಗಿವೆ, ಆದರೆ ಅವುಗಳಲ್ಲಿ ಬಿಎಲ್‌ಇ (ಕಡಿಮೆ ಕರೆಂಟಿನ ಹೊಸ ಬ್ಲೂಟೂತ್) ಮಾತ್ರ ಇದೆ, ನಾವು ಬಳಸುವ ಹಳೆಯ ಸೀರಿಯಲ್ ಬ್ಲೂಟೂತ್ ಇಲ್ಲ. ವೈಫೈನಲ್ಲೂ ಕಳಿಸಬಹುದು. ಆದರೆ ಇಂಟರ್ನೆಟ್ ಇಲ್ಲದ ವೈಫೈ ಕಂಡರೆ ಆಂಡ್ರಾಯ್ಡ್ ತಾನಾಗಿಯೇ ಬಿಟ್ಟು ಹೋಗುವುದುಂಟು.

ಬಿಎಂಪಿ280 ಎತ್ತರದ ಏರಿಳಿತವನ್ನು ಒಂದು ಮೀಟರಿನಷ್ಟು ಸೂಕ್ಷ್ಮವಾಗಿ ಹಿಡಿಯುತ್ತದೆ. ಒಟ್ಟು ಎತ್ತರದಲ್ಲಿ ಮಾತ್ರ ಸುಮಾರು 30 ಅಡಿ ಆಚೀಚೆ ಇರಬಹುದು. ಸರಿ ಮಾಡಲು ನಾವು ರೈಲ್ವೆ ಸ್ಟೇಷನ್‌ಗೆ ಹೋದೆವು. ಹಳದಿ ಬೋರ್ಡಿನ ಮೇಲೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದಲ್ಲ, ಅದರ ಕೆಳಗೆ ಡಬ್ಬಿ ಹಿಡಿದು ಹೊಂದಿಸಿಕೊಂಡೆವು. ಡಬ್ಬಿಯನ್ನು ಕಾಕ್‌ಪಿಟ್ಟಿನಲ್ಲಿ ಸುಮ್ನೆ ಇಟ್ಟರೆ ಸಾಲದು, ಹೊರಗಿನ ಗಾಳಿಯ ಒತ್ತಡವನ್ನು ಮೀಟರುಗಳಿಗೆ ತರುವ ಸ್ಟಾಟಿಕ್ ಕೊಳವೆಗೆ ಜೋಡಿಸಬೇಕು. ಮುಚ್ಚಿದ ಕಾರಿನಲ್ಲಿ 80 ಕಿಲೋಮೀಟರ್ ವೇಗದಲ್ಲಿ ಕಿಟಕಿ ಇಳಿಸಿದಾಗ ಎತ್ತರ 25 ಅಡಿ ಬದಲಾಗಿದ್ದನ್ನು ಕಣ್ಣಾರೆ ಕಂಡೆವು.

ಮೊದಲು ಇದೇ ಡಬ್ಬಿಯಲ್ಲಿ 1,900 ರೂಪಾಯಿಯ ಬಿಎನ್‌ಒ055 ಸೆನ್ಸರ್ ಕೂಡ ಇತ್ತು, ವಿಮಾನ ಎಷ್ಟು ವಾಲಿದೆ ಅಂತ ಹೇಳುವ ಕೃತಕ ದಿಗಂತವನ್ನು ಪರದೆ ಮೇಲೆ ತೋರಿಸಲು. ಮೈದಾನದಲ್ಲಿ ಸುಣ್ಣದ ಪುಡಿಯಿಂದ 20 ಮೀಟರ್ ತ್ರಿಜ್ಯದ ವೃತ್ತ ಹಾಕಿ, ಜೀಪನ್ನು 30 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಸುತ್ತಿಸಿದೆವು. ಫೋನಿನ ಉಚಿತ ದಿಗಂತ ಆಪ್ ತಕ್ಷಣ 20 ಡಿಗ್ರಿ ವಾಲಿತು. ಜೀಪು ನೆಲದ ಮೇಲೆ ಮಟ್ಟಸವಾಗೇ ಇದೆ! ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲವನ್ನು ಅದು ಭೂಮಿಯ ಸೆಳೆತ ಅಂದುಕೊಳ್ಳುತ್ತದೆ. ಗಾಳಿಯಲ್ಲಿ ಇದೇ ಉಲ್ಟಾ ಆಗುತ್ತದೆ. ವಿಮಾನ ಸರಿಯಾಗಿ ವಾಲಿ ತಿರುಗುತ್ತಿದ್ದರೂ ಆಪ್ ಮಟ್ಟಸ ಅನ್ನುತ್ತದೆ. ಬಿಎನ್‌ಒ055 ಮೊದಲ ಸುತ್ತಿನಲ್ಲಿ ನೆಟ್ಟಗೆ ನಿಂತಿತು, ಮೂರನೇ ಸುತ್ತಿಗೆ ಅದೂ ವಾಲಿತು. ಸುಳ್ಳು ದಿಗಂತ ಇರುವುದಕ್ಕಿಂತ ದಿಗಂತ ಇಲ್ಲದಿರುವುದೇ ಸುರಕ್ಷಿತ. ಆ ಸೆನ್ಸರನ್ನು ಕಿತ್ತು ಹಾಕಿದೆವು. ನಾವು ಹಾರುವುದು ಹಗಲಲ್ಲಿ, ನೆಲ ಕಾಣುವ ಹವೆಯಲ್ಲಿ ಮಾತ್ರ.

ಎಂಜಿನ್ ಬಿಸಿಯನ್ನು ಟ್ಯಾಬಿಗೆ ಕಳಿಸಿಲ್ಲ. ಎರಡು ಸ್ಟ್ರೋಕ್ ಎಂಜಿನ್ನಿಗೆ ಎಕ್ಸಾಸ್ಟ್ ಬಿಸಿಯೇ ಮೊದಲ ಎಚ್ಚರಿಕೆ, ಅದು ಟ್ಯಾಬ್ ಸತ್ತರೂ ಕಾಣಬೇಕು. ಅದಕ್ಕೆ ಬೇರೆ ಬೋರ್ಡು, ಚಿಕ್ಕ ಓಎಲ್‌ಇಡಿ ಪರದೆ, ಒಂದು ಕೆಂಪು ದೀಪ. ಇಲ್ಲಿ ಥರ್ಮೋಕಪಲ್ ಓದಲು ಮ್ಯಾಕ್ಸ್31855 ಚಿಪ್ ಹಾಕಿದವರು ಥರ್ಮೋಕಪಲ್‌ನ ತುದಿ ಹೊರಗಿನ ಕವಚಕ್ಕೆ ತಾಗದ ಜಾತಿಯದನ್ನೇ ತೆಗೆದುಕೊಳ್ಳಿ. ತಾಗುವ ಜಾತಿಯಾದರೆ ಎಕ್ಸಾಸ್ಟ್ ಪೈಪ್ ಮೂಲಕ ಅರ್ಥ್ ಆಗಿ ಚಿಪ್ ಬರೀ ಫಾಲ್ಟ್ ಅನ್ನುತ್ತದೆ.

ಟ್ಯಾಬಿಗೆ ಕರೆಂಟ್ ಕೊಡಲು 12 ವೋಲ್ಟಿನಿಂದ 5 ವೋಲ್ಟ್ ಮಾಡುವ ಅಗ್ಗದ ಕಾರ್ ಚಾರ್ಜರ್ ಬೇಡ. ವಿಮಾನದ ರೇಡಿಯೋ ಕೆಲಸ ಮಾಡುವ 118ರಿಂದ 137 ಮೆಗಾಹರ್ಟ್ಸ್ ನಡುವೆಯೇ ಅದು ಗೊರಗೊರ ಅನ್ನಬಹುದು. ಲೋಹದ ಡಬ್ಬಿಯೊಳಗಿನ ಕನ್ವರ್ಟರ್, ತಂತಿಗೆ ಈ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ.

ನನ್ನ ಲೆಕ್ಕ 15,000 ರೂಪಾಯಿ ಒಳಗೆ ಇರಬೇಕಿತ್ತು. ಟ್ಯಾಬ್, ಡಬ್ಬಿ, ಎಂಜಿನ್ ಬೋರ್ಡು, ಶೀಟು, ಫ್ಯಾನು ಸೇರಿ 13,400 ಆಯಿತು. ಬೆಸುಗೆ ಕಬ್ಬಿಣ ಹಿಡಿಯುವ ಅಭ್ಯಾಸ ನನಗಿದೆ, ಭಾನುವಾರಗಳೂ ಇವೆ. ಅದು ಇಲ್ಲದವರು ಸಿಮ್ ಹಾಕುವ ದೊಡ್ಡ ಹೆಸರಿನ ಟ್ಯಾಬ್ ಕೊಂಡು, ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ಹಾರಿ ಇಳಿದರೆ ಅದೂ ಸರಿಯೇ. ಸಿಂಗಲ್ ಬೋರ್ಡ್ ಕಂಪ್ಯೂಟರ್ ಈಗ ಶೆಡ್ಡಿನಲ್ಲಿ ಎಂಜಿನ್ ಸ್ಟ್ಯಾಂಡಿನ ರೀಡಿಂಗುಗಳನ್ನು ದಾಖಲಿಸುತ್ತದೆ, ಆ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ.

ಅಗ್ಗದ ಮಾಡೆಲ್‌ಗಳು ಆರು ತಿಂಗಳಿಗೆ ಮಾರುಕಟ್ಟೆಯಿಂದ ಮಾಯ ಆಗುತ್ತವೆ. ಅದಕ್ಕೇ ಅದೇ ಮಾಡೆಲಿನ ಇನ್ನೊಂದು ಟ್ಯಾಬ್ ತಂದಿಟ್ಟಿದ್ದೇನೆ, ಪೆಟ್ಟಿಗೆ ಒಡೆದಿಲ್ಲ. ಶೀಟ್ ಕತ್ತರಿಸುವ ರಟ್ಟಿನ ಅಳತೆ, ಮೇಲಿನ 35 ಮಿಲಿಮೀಟರ್ ಗೆರೆ ಸಮೇತ, ಶೆಡ್ಡಿನ ಮೊಳೆಗೆ ನೇತಾಡುತ್ತಿದೆ.