ಕೇಸ್ 65 ಉಗಿ ಎಂಜಿನ್: ಎಳೆಯೋ ತಾಕತ್ತಿದೆ, ಮಣ್ಣೂ ಒಪ್ಪಬೇಕಲ್ಲ

ಅಮೆರಿಕದ ಮಿನ್ನೆಸೋಟಾದ ನಮ್ಮ ಕ್ಲಬ್ಬಿನಲ್ಲಿ ಕೇಸ್ ಕಂಪನಿಯ 65 ಕುದುರೆ ಬಲದ ಹಳೇ ಉಗಿ ಎಂಜಿನ್ ಒಂದಿದೆ, ಟ್ರ್ಯಾಕ್ಟರಿನ ಹಾಗೆ ತನ್ನ ಚಕ್ರದ ಮೇಲೆ ತಾನೇ ಓಡುವಂಥದ್ದು. ಬೇಸಿಗೆ ಮುಗಿಯುವ ಹೊತ್ತಿಗೆ ಅದರಲ್ಲಿ ಹೊಲ ಉಳುತ್ತೇವೆ. ಬೆಂಕಿ ನೋಡಿಕೊಳ್ಳುವ ಕೆಲಸ ನನ್ನದು, ಎಷ್ಟೋ ವರ್ಷದಿಂದ. ಇಲ್ಲಿ ನೇಗಿಲು ಎಳೆಯುವ ಅದರ ತಾಕತ್ತಿನ ಬಗ್ಗೆ ಹೇಳುತ್ತೇನೆ.

ಮೊದಲು ಆ 65ನ್ನು ಮರೆತುಬಿಡಿ. ಅದು ಬೆಲ್ಟ್ ಹಾಕಿ ಒಕ್ಕಣೆ ಯಂತ್ರ ತಿರುಗಿಸುವಾಗಿನ ಲೆಕ್ಕ. ಹೊಲದಲ್ಲಿ ನೋಡಬೇಕಾದ್ದೇ ಬೇರೆ. ಡೀಸೆಲ್ ಟ್ರ್ಯಾಕ್ಟರ್ ಭಾರ ಜಾಸ್ತಿಯಾದರೆ ಗುರುಗುಟ್ಟಿ ಆಫ್ ಆಗುತ್ತದೆ, ಅಲ್ವಾ? ಇದು ಹಾಗಲ್ಲ. ಪಿಸ್ಟನ್ ಎಷ್ಟೇ ನಿಧಾನವಾದರೂ ಉಗಿ ಅದನ್ನು ತಳ್ಳುತ್ತಲೇ ಇರುತ್ತದೆ. ಹಿಂದೆ 14 ಇಂಚಿನ 8 ಕುಳಗಳ ನೇಗಿಲು. ಅಂದರೆ ಒಂದೇ ಓಟಕ್ಕೆ 9 ಅಡಿಗಿಂತ ಜಾಸ್ತಿ ಅಗಲ. ಜೇಡಿಮಣ್ಣು ಸಿಕ್ಕಿದ ಕೂಡಲೇ ಗವರ್ನರ್ (ವೇಗ ಇಳಿದರೆ ತಾನೇ ಹೆಚ್ಚು ಉಗಿ ಬಿಡುವ ಸಾಧನ) ತೆರೆದುಕೊಳ್ಳುತ್ತದೆ, ಚಿಮಣಿ ಸದ್ದು ದಪ್ಪಗಾಗುತ್ತದೆ. ಎಂಜಿನ್ ನಿಲ್ಲುವುದಿಲ್ಲ. ಆ ಸದ್ದಿಗಾಗಿಯೇ ನಾನು ರಜೆ ಹಾಕುತ್ತೇನೆ.

ಬೆಳಿಗ್ಗೆ ಉಗಿ ಏರಲು ಎರಡು ಗಂಟೆಯಾದರೂ ಬೇಕು. ನಮ್ಮೂರ ಬಚ್ಚಲ ಹಂಡೆಗೆ ಒಲೆ ಹಚ್ಚಿದವರಿಗೆ ಅರ್ಧ ಕೆಲಸ ಗೊತ್ತಿರುತ್ತದೆ. ಮೊದಲು ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ನೋಡಬೇಕು. ಆಮೇಲೆ ಚಿಕ್ಕ ಸೌದೆ, ಕೆಂಡವಾದ ಮೇಲೆ ಕಲ್ಲಿದ್ದಲು, ತೆಳ್ಳಗೆ ಹರಡಿ. ಅದು ಕಾಯುವಷ್ಟರಲ್ಲಿ ಎಣ್ಣೆ ಡಬ್ಬ ಹಿಡಿದು ಒಂದು ಸುತ್ತು. ನಾನು ಕಾಫಿ ಫ್ಲಾಸ್ಕನ್ನು ಬಾಯ್ಲರ್ ಪಕ್ಕವೇ ಇಡುತ್ತೇನೆ. ಸಂಜೆವರೆಗೂ ಬಿಸಿ! ಇನ್ನೊಂದು ಅಭ್ಯಾಸ: ಎಳೆತದ ಮಧ್ಯೆ ಬಾಯ್ಲರಿಗೆ ನೀರು ಬಿಟ್ಟರೆ ಒತ್ತಡ ಇಳಿಯುತ್ತದೆ. ಅದಕ್ಕೇ ಹೊಲದ ಕೊನೆಯಲ್ಲಿ ನೇಗಿಲಿನವರು ಒಂದೊಂದೇ ಸನ್ನೆ ಎಳೆದು ಕುಳ ಎತ್ತುವಾಗ ನಾನು ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ತೆರೆಯುತ್ತೇನೆ.

ಇನ್ನು ಬೇಜಾರಿನ ವಿಷಯ. ತಾಕತ್ತು ಸಿಲಿಂಡರಿನಲ್ಲಿದ್ದರೆ ಸಾಲದು, ಚಕ್ರದ ಕೆಳಗಿನ ಮಣ್ಣಿನಲ್ಲೂ ಇರಬೇಕು. ಯಂತ್ರದ ತೂಕ ಹೆಚ್ಚುಕಡಿಮೆ 10 ಟನ್. ಹಿಂದಿನ ರಾತ್ರಿ ಮಳೆ ಬಂದಿತ್ತೋ, ಕೆಲಸ ಕೆಟ್ಟಿತು. ಚಕ್ರ ಜಾರುತ್ತದೆ, ಎಂಜಿನ್ ಮಾತ್ರ ಸೋಲೊಪ್ಪದೆ ತಿರುಗಿಸುತ್ತಲೇ ಇರುತ್ತದೆ. ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ! ತಕ್ಷಣ ಉಗಿ ಬಿಡುವ ಥ್ರಾಟಲ್ ಮುಚ್ಚದಿದ್ದರೆ ಆಕ್ಸಲ್‌ವರೆಗೂ ಹೂತುಹೋಗುತ್ತದೆ. ಆಗ ಮರದ ದಿಮ್ಮಿ, ಸರಪಳಿ, ಬೈಗುಳ. ಇರುವುದು ಒಂದೇ ಸಿಲಿಂಡರ್. ಪಿಸ್ಟನ್ ತನ್ನ ಓಟದ ತುದಿಯಲ್ಲಿ, ಕ್ರ್ಯಾಂಕಿನ ನೇರಕ್ಕೆ, ಬಂದು ನಿಂತರೆ ಎಷ್ಟು ಉಗಿ ಇದ್ದರೂ ಹೊರಡುವುದಿಲ್ಲ, ಪಕ್ಕದ ದೊಡ್ಡ ಚಕ್ರ ಫ್ಲೈವೀಲನ್ನು ಕೈಯಿಂದ ತಿರುಗಿಸಬೇಕು. ಜೊತೆಗೆ ನೀರು. ಗಂಟೆಗೆ ನೂರಾರು ಲೀಟರ್ ಕುಡಿಯುತ್ತದೆ. ಟ್ಯಾಂಕರ್ ಓಡಿಸಲು ಇನ್ನೊಬ್ಬರು ಬೇಕೇ ಬೇಕು.

ಇಂಗ್ಲೆಂಡಿನಲ್ಲಿ ಜಾನ್ ಫೌಲರ್ 1850ರ ದಶಕದಲ್ಲೇ ಇದಕ್ಕೆ ಬೇರೆ ದಾರಿ ಹಿಡಿದ. ಎಂಜಿನ್ ಹೊಲದ ಅಂಚಿನಲ್ಲೇ ಇರುತ್ತದೆ, ಉಕ್ಕಿನ ಹಗ್ಗ ನೇಗಿಲನ್ನು ಎಳೆಯುತ್ತದೆ. ಆಮೇಲೆ ಎರಡು ಅಂಚಿಗೂ ಒಂದೊಂದು ಎಂಜಿನ್ ನಿಲ್ಲಿಸುವ ಪದ್ಧತಿ ಬಂತು. ಒದ್ದೆ ನೆಲಕ್ಕೆ ಅದೇ ಸರಿ ಅನ್ನಿಸುತ್ತದೆ. ಆದರೆ ಎಂಜಿನ್ನನ್ನೇ ಹೊಲಕ್ಕಿಳಿಸುವ ಅಮೆರಿಕದವರ ಲೆಕ್ಕವೂ ಸುಮ್ನೆ ಅಲ್ಲ. ಡಕೋಟಾದಂಥ ಕಡೆ ಎಂದೂ ಉಳದ ಹುಲ್ಲುಗಾವಲು ಒಣಗಿ ಗಟ್ಟಿಯಾಗಿರುತ್ತಿತ್ತು, ಚಕ್ರಕ್ಕೆ ಒಳ್ಳೆ ಹಿಡಿತ. ನಮ್ಮಲ್ಲೂ ಒಣ ಕೂಳೆ ಹೊಲದಲ್ಲಿ ಓಡಿಸಿದ ದಿನ ನನ್ನ ದೂರೆಲ್ಲ ಮಾಯ.

ಒಣ ನೆಲದಲ್ಲಿ ಎಳೆತಕ್ಕೆ 5ಕ್ಕೆ 5. ಒದ್ದೆಯಲ್ಲಿ 2, ಅದೂ ಪ್ರೀತಿಗೆ. ನನ್ನ ಸಂಬಳಕ್ಕೆ ಸ್ವಂತದ್ದು ಬೇಡವೇ ಬೇಡ, ಕ್ಲಬ್ ಸದಸ್ಯತ್ವವೇ ಸಾಕು. ಕೊಳ್ಳುವವರು ಬಣ್ಣ ನೋಡಿ ಮರುಳಾಗಬೇಡಿ, ಬಾಯ್ಲರ್ ತಗಡಿನ ದಪ್ಪ ಅಳತೆ ಮಾಡಿಸಿ. 2001ರಲ್ಲಿ ಒಹಾಯೋದ ಮೆಡಿನಾದಲ್ಲಿ ಇದೇ ಕಂಪನಿಯ 110 ಕುದುರೆ ಬಲದ ಎಂಜಿನ್ನಿನ ಬಾಯ್ಲರ್ ಸಿಡಿದು 5 ಜನ ಸತ್ತರು. ಸುಮ್ನೆ ನೋಡಲು ಬರುವವರು ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ. ಕಿಡಿ ಹಾರುತ್ತದೆ, ನೈಲಾನ್ ಜಾಕೆಟ್ ತೂತಾಗುತ್ತದೆ.