ಫ್ಲಶಿಂಗ್‌ನ ಗಣೇಶ ದೇವಸ್ಥಾನ: ದರ್ಶನ ಮತ್ತು ಕ್ಯಾಂಟೀನ್

ನ್ಯೂಯಾರ್ಕ್‌ಗೆ ಬಂದ ತಂದೆತಾಯಿಯರನ್ನು ಯಾವ ದೇವಸ್ಥಾನಕ್ಕೆ ಕರೆದೊಯ್ಯಬೇಕೆಂದು ಯಾರಾದರೂ ಕೇಳಿದರೆ, ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿರುವ ಗಣೇಶ ದೇವಸ್ಥಾನದ ಹೆಸರನ್ನೇ ನಾನು ಮೊದಲು ಹೇಳುತ್ತೇನೆ. ಇದಕ್ಕಿಂತ ದೊಡ್ಡ, ಅಮೃತಶಿಲೆಯ ಭವ್ಯ ಮಂದಿರಗಳು ಅಮೆರಿಕದಲ್ಲಿ ಈಗ ಇವೆ. ಆದರೆ ಮನೆಗಳ ನಡುವೆಯೇ ಇದ್ದು, ನಿತ್ಯಪೂಜೆಯಿಂದ ಹಿಡಿದು ಮದುವೆ, ಪಾಠ, ಊಟದವರೆಗೆ ಜನರ ಬದುಕಿನಲ್ಲಿ ಬೆರೆತುಹೋಗಿರುವ ದೇವಸ್ಥಾನ ಬೇಕೆಂದರೆ ಇದೇ ಸರಿ.

1970ರಲ್ಲಿ ಸ್ಥಾಪನೆಯಾದ ಹಿಂದೂ ಟೆಂಪಲ್ ಸೊಸೈಟಿ ಆಫ್ ನಾರ್ತ್ ಅಮೆರಿಕ, ಬೌನ್ ಸ್ಟ್ರೀಟ್‌ನಲ್ಲಿ ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚ್ ಇದ್ದ ಜಾಗವನ್ನು ಕೊಂಡು, ಭಾರತದಲ್ಲಿ ಕೆತ್ತಿಸಿದ ಶಿಲೆಗಳನ್ನು ತರಿಸಿ ಈ ಗುಡಿಯನ್ನು ಕಟ್ಟಿಸಿತು. 1977ರ ಜುಲೈ 4ರಂದು ಪ್ರತಿಷ್ಠೆ ನೆರವೇರಿತು. ಈ ಬೀದಿಯ ಹೆಸರಿನ ಹಿಂದೆ ಇರುವ ಜಾನ್ ಬೌನ್, ಕ್ವೇಕರ್ ಎಂಬ ಕ್ರೈಸ್ತ ಪಂಥದವರಿಗೆ ತನ್ನ ಮನೆಯಲ್ಲಿ ಪ್ರಾರ್ಥನೆಗೆ ಅವಕಾಶ ಕೊಟ್ಟದ್ದಕ್ಕಾಗಿ 1662ರಲ್ಲಿ ಬಂಧನಕ್ಕೊಳಗಾದವನು. ಆ ಮನೆ ಇಂದಿಗೂ ಇದೇ ಬೀದಿಯಲ್ಲಿದೆ. ದರ್ಶನಕ್ಕೆ ಬಂದವರು ಅದನ್ನೂ ನೋಡಿಕೊಂಡು ಹೋಗಬೇಕೆಂಬುದು ನನ್ನ ಆಸೆ. 2022ರಲ್ಲಿ ದೇವಸ್ಥಾನದ ಮುಂದಿನ ರಸ್ತೆಗೆ ಗಣೇಶ ಟೆಂಪಲ್ ಸ್ಟ್ರೀಟ್ ಎಂಬ ಹೆಸರನ್ನೂ ಇಡಲಾಯಿತು.

ಹಿಮ ಬೀಳುವ ಊರಾದ್ದರಿಂದ ಇಲ್ಲಿ ತೆರೆದ ಪ್ರಾಕಾರವಿಲ್ಲ. ಮಧ್ಯದಲ್ಲಿ ಮಹಾವಲ್ಲಭ ಗಣಪತಿ, ಸುತ್ತಲೂ ಶಿವ, ಪಾರ್ವತಿ, ವೆಂಕಟೇಶ್ವರ, ಲಕ್ಷ್ಮಿ, ಹನುಮಂತ, ನವಗ್ರಹಗಳು ಒಂದೇ ಸೂರಿನಡಿ ಇದ್ದು, ಜನವರಿಯ ಚಳಿಯಲ್ಲೂ ಬರಿಗಾಲಲ್ಲಿ ನೆಮ್ಮದಿಯಾಗಿ ಪ್ರದಕ್ಷಿಣೆ ಬರಬಹುದು. ಶೈವ, ವೈಷ್ಣವ ಸಂಪ್ರದಾಯಗಳ ಸನ್ನಿಧಿಗಳು ಹೀಗೆ ಅಕ್ಕಪಕ್ಕದಲ್ಲಿರುವುದು ಕೆಲವರಿಗೆ ಹೊಸದೆನಿಸಬಹುದು. ಬೇರೆ ಬೇರೆ ಭಾಷೆ, ಮನೆತನಗಳ ಜನ ಕೂಡಿ ಕಟ್ಟಿದ ಗುಡಿಗೆ ಇದೇ ತಕ್ಕ ವ್ಯವಸ್ಥೆ ಎಂದು ನನಗನಿಸುತ್ತದೆ. ಅರ್ಚನೆಯ ಹೊತ್ತಿನಲ್ಲಿ ಅರ್ಚಕರು ಗೋತ್ರ, ನಕ್ಷತ್ರ ಕೇಳಿದಾಗ ಅಲ್ಲಿಯೇ ಹುಟ್ಟಿ ಬೆಳೆದ ಹುಡುಗ ತಡವರಿಸುವುದು, ಹಿಂದಿನಿಂದ ಅಜ್ಜಿ "ಕಾಶ್ಯಪ ಗೋತ್ರ, ರೋಹಿಣಿ" ಎಂದು ಮೆಲ್ಲಗೆ ಹೇಳಿಕೊಡುವುದು, ಅವನು ಅದನ್ನು ತನ್ನದೇ ಉಚ್ಚಾರದಲ್ಲಿ ಒಪ್ಪಿಸುವುದು ಇವನ್ನೆಲ್ಲ ನೋಡಿದರೆ, ಇಂಥದೊಂದು ಜಾಗ ಅಲ್ಲಿ ಏಕೆ ಬೇಕಿತ್ತೆಂಬುದು ತಿಳಿಯುತ್ತದೆ.

ನೆಲಮಾಳಿಗೆಯ ಕ್ಯಾಂಟೀನ್ ದೇವಸ್ಥಾನದಷ್ಟೇ ಹೆಸರಾದದ್ದು. ದೋಸೆಗಾಗಿಯೇ ದೂರದಿಂದ ಬರುವ ಬೇರೆ ಬೇರೆ ದೇಶಗಳ ಜನರೂ ಅಲ್ಲಿ ಕಾಣಸಿಗುತ್ತಾರೆ. ಕೌಂಟರಿನಲ್ಲಿ ಹಣ ಕೊಟ್ಟು, ನಂಬರು ಕೂಗಿದಾಗ ತಟ್ಟೆಯನ್ನು ನಾವೇ ತಂದುಕೊಳ್ಳಬೇಕು. ಉದ್ದನೆಯ ಮೇಜುಗಳಲ್ಲಿ ಅಪರಿಚಿತರ ಪಕ್ಕದಲ್ಲೇ ಕುಳಿತು ತಿನ್ನಬೇಕು. ಮಸಾಲೆ ದೋಸೆಯ ಅಂಚು ಗರಿಗರಿಯಾಗಿದ್ದು, ಪಲ್ಯವಿರುವ ನಡುಭಾಗ ಮೆತ್ತಗಿರುತ್ತದೆ. ಹಿಟ್ಟಿನ ಹುಳಿ ಹದವಾಗಿದೆ. ಸಾಂಬಾರು ತಮಿಳುನಾಡಿನ ರೀತಿಯದು, ಬೆಲ್ಲದ ಸಿಹಿ ಬಯಸುವ ನಮ್ಮ ನಾಲಿಗೆಗೆ ಅದು ಸ್ವಲ್ಪ ಬೇರೆಯೇ. ಪುಳಿಯೋಗರೆ, ಮೊಸರನ್ನ, ಫಿಲ್ಟರ್ ಕಾಫಿ ಸಿಗುತ್ತವೆ. ಆ ನಗರದ ಹೋಟೆಲುಗಳಿಗೆ ಹೋಲಿಸಿದರೆ ಬೆಲೆ ಬಹಳ ಕಡಿಮೆ.

ಶಾಂತವಾಗಿ ದರ್ಶನ ಮಾಡಬೇಕೆನ್ನುವವರು ಭಾನುವಾರವನ್ನು ಬಿಟ್ಟು ವಾರದ ನಡುವಿನ ಬೆಳಿಗ್ಗೆ ಹೋಗುವುದು ಒಳ್ಳೆಯದು. ಜನವಸತಿಯ ಬೀದಿಯಾದ್ದರಿಂದ ಕಾರು ನಿಲ್ಲಿಸಲು ಜಾಗ ಹುಡುಕುವುದು ಕಷ್ಟ. 7ನೇ ನಂಬರಿನ ರೈಲಿನಲ್ಲಿ ಕೊನೆಯ ನಿಲ್ದಾಣವಾದ ಫ್ಲಶಿಂಗ್ ಮೇನ್ ಸ್ಟ್ರೀಟ್‌ನಲ್ಲಿ ಇಳಿದು, ಚೀನೀ ಅಂಗಡಿಗಳ ಸಾಲನ್ನು ದಾಟಿ ಸುಮಾರು ಒಂದು ಮೈಲಿ ನಡೆದರೆ ಸಾಕು. ಗದ್ದಲ ಬೇಸರವಾಗದವರು ಗಣೇಶ ಚತುರ್ಥಿಯ ಉತ್ಸವದ ಕೊನೆಗೆ ನಡೆಯುವ ರಥೋತ್ಸವಕ್ಕೇ ಹೋಗಬೇಕು. ಅಂದು ಗಣಪತಿ ನಾದಸ್ವರದೊಂದಿಗೆ ಫ್ಲಶಿಂಗ್‌ನ ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತಾನೆ.